ಒಂದು ಸ್ಪ್ರಿಂಗಿನ ಭಾರ

ಕೊಡಗಿನ ಜನ ತಮ್ಮದೇ ಸರ್ಕಾರಕ್ಕೆಂದು ಮೊದಲ ಸಲ ಓಟು ಹಾಕಿದ ಚಳಿಗಾಲದಲ್ಲೇ ನಿಂಗಮ್ಮನ ಬೆನ್ನು ಹೋದದ್ದು.

ಅಮ್ಮತ್ತಿಯಿಂದ ಎರಡು ಮೈಲಿ ಒಳಗಿದ್ದ ಮೊಣ್ಣಪ್ಪನವರ ಎಸ್ಟೇಟಿನಲ್ಲಿ ಆಗ ಕಾಫಿ ಕೊಯ್ಲಿನ ಕಾಲ, ಪಿಕಿಂಗಿನ ಭರಾಟೆ. ಸಂಜೆಯ ಅಳತೆಗೆ ಎಲ್ಲರೂ ಕಾಫಿ ಹಣ್ಣಿನ ಚೀಲ ಹೊತ್ತು ಕಣಕ್ಕೆ ಬರುತ್ತಿದ್ದರು. ನಿಂಗಮ್ಮನ ತಲೆಯ ಮೇಲೆ ಚೀಲ, ಎಡ ಸೊಂಟದ ಮೇಲೆ ಮೂರು ತುಂಬಿದ ಮಗಳು ದೇವೀರಿ. ಅದರಲ್ಲಿ ವಿಶೇಷವೇನಿರಲಿಲ್ಲ; ಎಳೆ ಮಕ್ಕಳಿದ್ದ ಹೆಂಗಸರೆಲ್ಲ ಹಾಗೆಯೇ ಬರುತ್ತಿದ್ದರು. ಕಣದ ಮೂರನೆಯ ಮೆಟ್ಟಿಲಿಗೆ ಕಾಲಿಟ್ಟಾಗ ಬೆನ್ನಿನ ಬುಡದಲ್ಲಿ ಯಾರೋ ಹಸಿ ಕೋಲನ್ನು ಮಂಡಿಗೆ ಕೊಟ್ಟು ಮುರಿದಂತಾಯಿತು. ಆಮೇಲಿನದನ್ನು ನಿಂಗಮ್ಮ ನೂರು ಸಲ ನೆನೆದಿದ್ದಾಳೆ. ಬೀಳುವಾಗ ಅವಳ ಎರಡೂ ಕೈ ಮೇಲಕ್ಕೆ ಹೋಗಿ ಚೀಲವನ್ನು ಹಿಡಿದವು. ಮಗುವನ್ನು ಹಿಡಿಯಲಿಲ್ಲ.

ದೇವೀರಿಯ ಗಲ್ಲ ಕಲ್ಲಿಗೆ ಬಡಿದು ಸೀಳಿತು. ಅಮ್ಮತ್ತಿಯ ಡಾಕ್ಟರು ಮೂರು ಹೊಲಿಗೆ ಹಾಕಿದರು. ತಾಯಿಗೆ ಹೊಲಿಗೆ ಹಾಕುವಂಥದ್ದು ಹೊರಗೇನೂ ಕಾಣಲಿಲ್ಲ. ಅವಳು ಮಾತ್ರ ಚಾಪೆಯಿಂದ ಏಳಲಾರದೆ ಹೋದಳು.

ಗಂಡ ಪುಟ್ಟರಾಜು ಎಸ್ಟೇಟಿನ ಎತ್ತಿನ ಗಾಡಿ ಹೊಡೆಯುವವನು. ಬೆಳಗಿನ ಜಾವ ವಿರಾಜಪೇಟೆಗೆ ಗಾಡಿ ಕಟ್ಟಿದರೆ ಮರಳುವುದು ಕತ್ತಲಾದ ಮೇಲೆ. ಹಗಲೆಲ್ಲ ಮಗುವನ್ನು ನೋಡುವವರಾರು? ಅದೂ ಅಲ್ಲದೆ, ಕೂಲಿಯವರ ಸಾಲುಮನೆಗಳ ಲೈನಿಗೂ ತೋಟಕ್ಕೂ ನಡುವೆ ಒಂದು ತೋಡು ಹರಿಯುತ್ತಿತ್ತು. ಅದರ ಮೇಲೆ ಬೈನೆ ಮರದ ಎರಡು ದಿಮ್ಮಿಗಳ ಪಾಲ, ಒಂದು ಪಕ್ಕಕ್ಕೆ ಬಿದಿರಿನ ಹಿಡಿಗೋಲು. ನಡುವೆ ಹೋದರೆ ದಿಮ್ಮಿಗಳು ಉಯ್ಯಾಲೆಯಂತೆ ತೂಗುವುದರಿಂದ ಒಮ್ಮೆಗೆ ಒಬ್ಬರೇ ದಾಟಬೇಕು. ಚಿಕ್ಕ ಮಕ್ಕಳನ್ನು ಎತ್ತಿಕೊಂಡೇ ದಾಟಿಸಬೇಕು. ಹೀಗಾಗಿ ಫ್ರೇಜರ್‌ಪೇಟೆಯ ಹತ್ತಿರ ಹೊಲ ಮಾಡಿಕೊಂಡಿದ್ದ ಪುಟ್ಟರಾಜುವಿನ ಅಕ್ಕ ವನಜಮ್ಮ ಬಂದು ದೇವೀರಿಯನ್ನು ಕರೆದುಕೊಂಡು ಹೋದಳು. ಅವಳಿಗಿದ್ದ ಇಬ್ಬರೂ ಗಂಡುಮಕ್ಕಳು, ಎದೆಯೆತ್ತರ ಬೆಳೆದವರು.

"ನೀನು ಎತ್ಕೊಂಡು ಪಾಲ ದಾಟ್ಸೋ ಹಂಗಾದ ದಿನ ಬಂದು ಕರ್ಕೊಂಡೋಗವ್ವ. ಅಲ್ಲೀಗಂಟ ನನ್ನತ್ರ ಇರ್ಲಿ. ನಾನೇನು ತಿಂದ್ಬುಡ್ತೀನಾ?" ಎಂದಿದ್ದಳು ವನಜಮ್ಮ.

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮಗುವನ್ನು ಕಂಕುಳಿಗೆ ಏರಿಸಿಕೊಂಡ ಅತ್ತಿಗೆಯ ಮುಖದಲ್ಲಿ ಎಷ್ಟೋ ದಿನದ ಬಾಯಾರಿಕೆ ತೀರಿದಂಥ ಕಳೆಯಿತ್ತು. ನಿಂಗಮ್ಮ ಚಾಪೆಯಿಂದಲೇ ಅದನ್ನು ಕಂಡಳು.

ಮೂರು ತಿಂಗಳಾದ ಮೇಲೆ ಗೋಡೆ ಹಿಡಿದು ನಡೆಯುವಂತಾಯಿತು. ಕುಳಿತು ಮಾಡುವ ಕೆಲಸವಾದರೆ ಆದೀತೆಂದು ಬಂಗಲೆಯ ಹಿಂದಿನ ಶೆಡ್ಡಿನಲ್ಲಿ ಕಾಫಿ ಬೀಜ ಆರಿಸಲು ಹಾಕಿದರು. ಅಲ್ಲಿ ನಿಂಗಮ್ಮ ಯಾರಿಗೂ ಹೇಳದೆ ಒಂದು ಕೆಲಸ ಶುರುಮಾಡಿದಳು. ಹಳೇ ಗೋಣಿ ಹರಿದು ಒಂದು ಪುಟ್ಟ ಚೀಲ ಹೊಲಿದಳು. ತೋಡಿನ ಮರಳು ತುಂಬಿದಳು, ಕಣ್ಣಂದಾಜಿನಲ್ಲಿ, ಕಳೆದ ಪಿಕಿಂಗಿನಲ್ಲಿ ದೇವೀರಿ ಎಷ್ಟು ಭಾರವಿದ್ದಳೋ ಅಷ್ಟು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅದನ್ನು ಎತ್ತಲು ನೋಡುವಳು. ಮೊಣಕಾಲಿನವರೆಗೆ ಬರುವಷ್ಟರಲ್ಲಿ ಬೆನ್ನಿನಲ್ಲಿ ಬೆಂಕಿ. ಚೀಲ ಇಳಿಸಿ ಉಸಿರು ಬಿಡುವಳು. ಅಮಾವಾಸ್ಯೆ ಬಂದರೆ ಇನ್ನೊಂದು ಬೊಗಸೆ ಮರಳು ಸೇರಿಸುವಳು. ಮಗು ಬೆಳೆಯುತ್ತದಲ್ಲ!

ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು.

"ಎಂಥದದು ಚೀಲದಲ್ಲಿ?"

ಮೊಣ್ಣಪ್ಪನವರ ಅಕ್ಕ ಮುತ್ತಮ್ಮ. ಲಡಾಯಿಯ ಕಾಲದಲ್ಲಿ ಪುಣೆಯ ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಮದುವೆಯಾಗದೆ, ಪೆನ್ಷನ್ನು ಮತ್ತು ಒಂದು ಕಬ್ಬಿಣದ ಟ್ರಂಕಿನೊಂದಿಗೆ ತಮ್ಮನ ತೋಟಕ್ಕೆ ಬಂದಿದ್ದರು. ಎಸ್ಟೇಟಿಗೆಲ್ಲ ಅವರು ಸಿಸ್ಟರಮ್ಮ.

ನಿಂಗಮ್ಮನಿಗೆ ಸುಳ್ಳು ಹೊಳೆಯಲಿಲ್ಲ. "ನನ್ನ ಮಗಳು ಸಿಸ್ಟರಮ್ಮ" ಎಂದುಬಿಟ್ಟಳು.

ಸಿಸ್ಟರಮ್ಮ ಚೀಲವನ್ನು ನೋಡಿದರು, ಇವಳನ್ನು ನೋಡಿದರು. ಬಗ್ಗಿ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ತೂಕ ನೋಡಿ ಕೆಳಗಿಟ್ಟರು. "ಚೆಂದ ಬೆಳೆದಿದ್ದಾಳೆ. ಆದರೆ ಹೀಗೆ ಎತ್ತಿದರೆ ನೀನು ಮಗಳನ್ನಲ್ಲ ಮಾರಾಯ್ತಿ, ನಿನ್ನ ಚಿತೆಯ ಸೌದೆಯನ್ನು ಎತ್ತುತ್ತೀ! ನಾಳೆಯಿಂದ ಊಟ ಆದ ಮೇಲೆ ಹಿಂದಿನ ಜಗಲಿಗೆ ಬಾ."

ಹಿಂದಿನ ಜಗಲಿಯಲ್ಲಿ ಒಂದು ವಿಚಿತ್ರ ಮಂಚವಿತ್ತು. ಕಾಫಿ ಒಣಗಿಸುವ ಟ್ರೇ ಎಲ್ಲರಿಗೂ ಗೊತ್ತು. ಗಾಲಿ ಇರುತ್ತದೆ, ಮಳೆ ಬಂದರೆ ಕಂಬಿಯ ಮೇಲೆ ತಳ್ಳಿ ಸೂರಿನಡಿಗೆ ಸೇರಿಸುತ್ತಾರೆ. ಅಂಥದೊಂದು ಟ್ರೇಗೆ ಹಾಸಿಗೆ ಬಿಗಿದು, ಆಳುದ್ದದ ಚೌಕಟ್ಟಿನೊಳಗೆ ಕಂಬಿಯ ಮೇಲೆ ಕೂರಿಸಿತ್ತು. ಕಾಲ ಕಡೆ ಒಂದು ಅಡ್ಡದಂಡ. ಚೌಕಟ್ಟಿಗೂ ಟ್ರೇಗೂ ನಡುವೆ ನಾಲ್ಕು ಸ್ಪ್ರಿಂಗು, ವಿರಾಜಪೇಟೆಯಲ್ಲಿ ಮಿಲಿಟರಿ ಹಳೇ ಸಾಮಾನು ಮಾರಿದಾಗ ತಂದವು. ಬೇಕಾದ್ದನ್ನು ಕೊಕ್ಕೆಗೆ ಹಾಕಬಹುದು, ಬೇಡದ್ದನ್ನು ಬಿಚ್ಚಬಹುದು. ಮೊಣ್ಣಪ್ಪನವರು ಜೀಪಿನಿಂದ ಬಿದ್ದು ತೊಡೆ ಉಳುಕಿಸಿಕೊಂಡಾಗ ಅಕ್ಕ ತಾವೇ ನಿಂತು ಬಡಗಿ ಮಾಯಿಲಪ್ಪನಿಂದ ಮಾಡಿಸಿದ್ದರು. ತಮ್ಮ ಮೂರು ದಿನ ಅದರ ಮೇಲೆ ಮಲಗಿ, ನಾಲ್ಕನೆಯ ದಿನ ಬೇಟೆಗೆ ಹೋದವರು ಆ ಕಡೆ ತಿರುಗಿ ನೋಡಿರಲಿಲ್ಲ. ಈಗ ಅದರ ಮೇಲೆ ಕೋಳಿ ಮೊಟ್ಟೆಯಿಡುತ್ತಿತ್ತು.

ಸಿಸ್ಟರಮ್ಮ ಕೋಳಿಯನ್ನು ಓಡಿಸಿ, ಹಾಸಿಗೆ ಕೊಡವಿದರು. "ಮಲಗು."

"ಮಂಚದ ಮೇಲಾ? ನಾನಾ?"

"ಮತ್ತೆ ನಾನು ಮಲಗಿ ನಿನ್ನ ಬೆನ್ನು ಸರಿಯಾಗ್ತದಾ?"

ಒಡೆಯರ ಜಗಲಿಯಲ್ಲಿ ಹಾಡಹಗಲು ಮಲಗುವುದೆಂದರೆ ನಿಂಗಮ್ಮನಿಗೆ ಮೈಯೆಲ್ಲ ಮುಳ್ಳು. ಸೀರೆಯ ನೆರಿಗೆ ಒಟ್ಟುಮಾಡಿ ಕಚ್ಚೆಯಂತೆ ಸಿಕ್ಕಿಸಿ ಮಲಗಿದಳು. ಮೊದಲ ವಾರ ಸಿಸ್ಟರಮ್ಮ ಅವಳ ಕೈಲಿ ಏನನ್ನೂ ತಳ್ಳಿಸಲಿಲ್ಲ. ಮೊಣಕಾಲು ಮಡಚಿ, ಪಾದ ದಂಡದ ಮೇಲಿಟ್ಟು, ಉಸಿರು ಎಳೆದುಕೊಳ್ಳುವುದು. ಬಿಡುವಾಗ ಹೊಕ್ಕುಳನ್ನು ಬೆನ್ನ ಕಡೆಗೆ ಮೆಲ್ಲಗೆ ಎಳೆಯುವುದು. ಇಷ್ಟೇ.

"ಇದೇನು ಕೆಲ್ಸ ಅಂತ ಸಿಸ್ಟರಮ್ಮ? ಉಸ್ರು ನಾನು ಹುಟ್ದಾಗ್ಲಿಂದ ಬುಡ್ತಾ ಇವ್ನಿ."

"ಬಿಡ್ತಾ ಇದ್ದೀ, ಎಲ್ಲಿಂದ ಅಂತ ಗೊತ್ತಿಲ್ಲ. ಬಿಡು."

ಅದಕ್ಕೂ ಹಿಂದಿನ ಲಡಾಯಿಯಲ್ಲಿ ಇಂಗ್ಲಿಷರಿಗೆ ಸೆರೆಸಿಕ್ಕಿದ್ದ ಜರ್ಮನಿ ಕಡೆಯ ಒಬ್ಬ ಕಸರತ್ತಿನ ಮಾಸ್ತರು, ಪಿಲಾಟೀಸ್ ಎಂದೋ ಏನೋ ಹೆಸರು, ಏಳಲಾರದವರ ಆಸ್ಪತ್ರೆ ಮಂಚಕ್ಕೇ ಸ್ಪ್ರಿಂಗು ಕಟ್ಟಿ ಮಲಗಿದಲ್ಲೇ ಕೈಕಾಲಿಗೆ ಬಲ ಬರಿಸಿದನಂತೆ. ಪುಣೆಯಲ್ಲಿ ಜೊತೆಗಿದ್ದ ಇಂಗ್ಲಿಷ್ ನರ್ಸೊಬ್ಬಳು ಆ ಪಾಠ ತಿಳಿದವಳು. ಅವಳ ಕೈಕೆಳಗೆ ಸಿಸ್ಟರಮ್ಮ ಎಷ್ಟೋ ಸಿಪಾಯಿಗಳ ಬೆನ್ನು ನೋಡಿದ್ದರು. "ಓಡಬೇಕಿಲ್ಲ, ಹಾರಬೇಕಿಲ್ಲ, ಮೈಗೆ ಒಂದು ಪೆಟ್ಟೂ ಬೀಳುವುದಿಲ್ಲ. ಆದರೆ ಅವಸರ ಮಾಡಿದೆಯೋ, ಮಂಚ ನಿನ್ನ ಮಾತು ಕೇಳುವುದಿಲ್ಲ" ಎಂದರು.

ಎರಡನೆಯ ವಾರ ಎರಡು ಸ್ಪ್ರಿಂಗು ಹಾಕಿದರು. ಕಾಲಿನಿಂದ ದಂಡ ಒತ್ತಿದರೆ ಟ್ರೇ ಅವಳನ್ನು ಹೊತ್ತುಕೊಂಡು ಹಿಂದಕ್ಕೆ ಜಾರಿತು. ನಿಂಗಮ್ಮನಿಗೆ ನಗು ಬಂತು. ಕಣದಲ್ಲಿ ಬಿದ್ದ ಜನವರಿಯಿಂದ ಅವಳು ನಕ್ಕಿರಲಿಲ್ಲ. ಕಾಲು ಸಡಿಲಿಸಿದಳು. ಸ್ಪ್ರಿಂಗು ಎಳೆದು ಟ್ರೇ ವಾಪಸು ಬಂದು ಚೌಕಟ್ಟಿಗೆ ಠಕ್ಕನೆ ಬಡಿಯಿತು.

"ಹಾಂ, ಅದೇ ತಪ್ಪು. ತಳ್ಳುವುದು ಎಮ್ಮೆಯೂ ತಳ್ತದೆ. ವಾಪಸು ಬರುವಾಗ ಸದ್ದಾಗಬಾರದು." ಸಿಸ್ಟರಮ್ಮ ಸುತ್ತ ನೋಡಿ, ಕೋಳಿ ಬಿಟ್ಟುಹೋದ ಮೊಟ್ಟೆಯನ್ನೇ ತೆಗೆದು, ಟ್ರೇ ಬಂದು ನಿಲ್ಲುವ ಕಡೆ ಚಿಂದಿ ಬಟ್ಟೆಯ ಮೇಲೆ ಇಟ್ಟರು. "ಇದು ಒಡೆಯಬಾರದು. ಒಂದು ಬೆರಳು ಈಚೆಗೆ ನಿಲ್ಲಿಸು."

ಮೊಟ್ಟೆ ಒಡೆಯಿತು. ಮಾರನೆಯ ದಿನದ್ದೂ ಒಡೆಯಿತು. ಬಂಗಲೆಯ ಅಂಗಳ ಗುಡಿಸುವ ಚೋಮಿ, ಪಕ್ಕದ ಲೈನಿನವಳು, ಪೊರಕೆ ಹಿಡಿದು ಕಾಯುತ್ತಿದ್ದಳು. ಒಡೆದ ಮೊಟ್ಟೆ ಅವಳದು.

"ಇವತ್ತೂ ಹೋಯ್ತಾ ಅಕ್ಕ? ಪುಣ್ಯ ಬರ್ತದೆ ನಿಂಗೆ. ನೀನು ಕಲಿತ್‌ಬಿಟ್ರೆ ನಮ್ಮ ಮನೆ ಸಾರಿನ ಗತಿ ಏನು? ಮಲ್ಕೊಂಡು ಕೆಲಸ ಮಾಡೋದು ಎಲ್ಲಾದ್ರೂ ಉಂಟಾ!"

"ನೀನೂ ಮಲ್ಕೊಂಡು ನೋಡಮ್ಮಿ, ಸೊಂಟ ಇಳೀತದೆ."

"ನನ್ನ ಸೊಂಟಕ್ಕೆ ಮಗು ಉಂಟು, ಇಳಿಯೋಕೆ ಜಾಗ ಎಲ್ಲುಂಟು?"

ತಮಾಷೆಗೆ ಅಂದದ್ದು. ಚೋಮಿಯ ಸೊಂಟದ ಮೇಲೆ ಅವಳ ಕೂಸು ಬೆರಳು ಚೀಪುತ್ತ ಕೂತಿತ್ತು. ನಿಂಗಮ್ಮನ ಎಡ ಸೊಂಟ, ಖಾಲಿ ಇದ್ದದ್ದು, ಒಮ್ಮೆಗೇ ತಣ್ಣಗಾಯಿತು. ಚೋಮಿ ನಾಲಿಗೆ ಕಚ್ಚಿಕೊಂಡಳು. ಅಂದಿನ ಮೊಟ್ಟೆಯನ್ನು ಅವಳು ಒಯ್ಯಲಿಲ್ಲ.

ಮೊಣ್ಣಪ್ಪನವರು ಬಂದೂಕು ಹೆಗಲಿಗೆ ಹಾಕಿ ಹೋಗುತ್ತ ಬರುತ್ತ ಕೇಳುವರು: "ಏನು ನಿಂಗಮ್ಮ, ಎಲ್ಲೀವರೆಗೆ ಬಂತು ಗಾಡಿ? ಇಷ್ಟು ದಿನ ತಳ್ಳಿದ್ದಕ್ಕೆ ಇಷ್ಟೊತ್ತಿಗೆ ಮಡಿಕೇರಿ ಮುಟ್ಟಬೇಕಿತ್ತು!"

"ನೀನು ಮೂರು ದಿನಕ್ಕೇ ಇಳಿದೆಯಲ್ಲ, ಬಾಯಿ ಮುಚ್ಚಿ ನಡಿ" ಎಂದು ಅಕ್ಕ ಗದರುವರು.

ಜೂನಿನ ಮಳೆ ಹಿಡಿಯಿತು. ಜಗಲಿಯ ಹಂಚಿನ ಮೇಲೆ ಮಳೆ ಸುರಿಯುವಾಗ ನಿಂಗಮ್ಮ ಮಲಗಿ ಹೋಗುವಳು, ಬರುವಳು. ಹೋಗುವಾಗ ಉಸಿರು ಬಿಡುವುದು, ಬರುವಾಗ ಎಳೆದುಕೊಳ್ಳುವುದು. ಕಣ್ಣು ಮುಚ್ಚಿದರೆ ಒಂದೊಂದು ಸಲ ಮಗುವಿನ ಹೊಟ್ಟೆಯ ಶಾಖ ಪಕ್ಕೆಗೆ ತಗುಲಿದಂತಾಗುವುದು. ಎಣ್ಣೆ ಹಾಕಿದ ಕೂದಲ ವಾಸನೆ, ಕಾಲಿನ ಪುಟ್ಟ ಹಿಮ್ಮಡಿ ತೊಡೆಗೆ ಒದೆಯುವುದು. ಆಗ ಟ್ರೇ ಠಕ್ಕೆನ್ನುವುದು, ಮೊಟ್ಟೆ ಹೋಗುವುದು. ಜುಲೈ ಮುಗಿಯುವ ಹೊತ್ತಿಗೆ ಮೊಟ್ಟೆ ಮೂರು ದಿನಕ್ಕೊಮ್ಮೆ ಉಳಿಯತೊಡಗಿತು. ಬಗ್ಗಿ ಕೊಡಪಾನ ಎತ್ತುವಷ್ಟಾದಳು. ಮರಳಿನ ಚೀಲವನ್ನು ಮಾತ್ರ ಮುಟ್ಟಕೂಡದೆಂದು ಸಿಸ್ಟರಮ್ಮನ ಆಜ್ಞೆ. ಮುಟ್ಟಲಿಲ್ಲ, ಅಮಾವಾಸ್ಯೆಗೊಂದು ಬೊಗಸೆ ಮರಳು ಹಾಕುವುದನ್ನೂ ಬಿಡಲಿಲ್ಲ.

ಸೆಪ್ಟೆಂಬರಿನಲ್ಲಿ ಕೈಲು ಮುಹೂರ್ತ ಬಂತು. ನಾಟಿ ಮುಗಿದು ಕೊಡವರು ಆಯುಧಕ್ಕೆ ಪೂಜೆ ಮಾಡುವ ಹಬ್ಬ. ಕೋವಿ, ಕತ್ತಿ, ನೇಗಿಲು ಎಲ್ಲವನ್ನೂ ತೊಳೆದು, ಚಂದನವಿಟ್ಟು, ತೋಕು ಹೂ ಸಿಕ್ಕಿಸಿ ಇಟ್ಟರೆ, ಪೂಜೆ ಇಳಿಯುವ ತನಕ ಯಾರೂ ಮುಟ್ಟುವಂತಿಲ್ಲ. ಮೊಣ್ಣಪ್ಪನವರಿಗೆ ಆ ವರ್ಷ ತಮಾಷೆ ಹೊಳೆದು, ಅಕ್ಕನ ಮಂಚದ ದಂಡಕ್ಕೂ ಒಂದು ಹೂ ಸಿಕ್ಕಿಸಿದ್ದರು. "ಅದೂ ನಮ್ಮ ಅಕ್ಕನ ಆಯುಧವೇ!" ಎಂದು ನೆಂಟರಿಗೆಲ್ಲ ತೋರಿಸಿ ನಗುತ್ತಿದ್ದರು.

ಅದೇ ದಿನ ಪುಟ್ಟರಾಜು ಫ್ರೇಜರ್‌ಪೇಟೆಯಿಂದ ಹಿಂದಿರುಗಿದ. ಮಗಳನ್ನು ನೋಡಿಕೊಂಡು ಬಾ ಎಂದು ನಿಂಗಮ್ಮನೇ ಕಳಿಸಿದ್ದಳು. ಬಸ್ಸಿನ ಕುಲುಕಾಟ ಅವಳಿಗೆ ಇನ್ನೂ ಆಗುತ್ತಿರಲಿಲ್ಲ.

"ಹೆಂಗವ್ಳೆ?"

"ಚೆಂದಾಗವ್ಳೆ. ದುಂಡ್ಗವ್ಳೆ." ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ.

"ಇನ್ನೇನು? ಹೇಳು."

"ಏನಿಲ್ಲ... ಅಕ್ಕನ್ನ 'ವನಜವ್ವ' ಅಂತವ್ಳೆ. ನಿನ್ನ 'ಅಮ್ಮತ್ತಿ ಅವ್ವ' ಅಂತವ್ಳೆ. ಅಮ್ಮತ್ತಿ ಅವ್ವ ಚೆಂದಾಗವ್ಳಾ ಅಂತ ಕೇಳ್ತು." ಟವೆಲ್ಲು ಹೆಗಲಿಗೆ ಹಾಕಿಕೊಂಡು ಸೇರಿಸಿದ: "ಬರೋ ವರ್ಷ ಅಲ್ಲೇ ಇಸ್ಕೂಲಿಗೆ ಹಾಕ್ತೀನಿ, ಇಲ್ಲೇ ಇರ್ಲಿ ಬುಡು ಅಂದ್ಳು ಅಕ್ಕ. ನಾನು ಏನೂ ಅನ್ಲಿಲ್ಲ."

ಊರಿನ ಹೆಸರು ಹಿಡಿದು ಕರೆಯುವುದು ದೂರದ ನೆಂಟರನ್ನು. ನಿಂಗಮ್ಮ ಎದ್ದು ಹೊರಟಳು. ಬಂಗಲೆಯ ಮುಂದೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆದಿತ್ತು, ಎಲ್ಲರೂ ಅಲ್ಲೇ. ಹಿಂದಿನ ಜಗಲಿಯಲ್ಲಿ ಯಾರೂ ಇರಲಿಲ್ಲ. ಅವಳು ದಂಡದ ಮೇಲಿನ ಹೂವನ್ನು ತೆಗೆದು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟಳು. ಅವಳ ಲೆಕ್ಕ ಸರಳವಾಗಿತ್ತು. ಹುಟ್ಟಿದಾಗಿನಿಂದ ಕಂಡದ್ದೇ ಅದು: ದೊಡ್ಡ ಚೀಲ ಹೊತ್ತರೆ ದೊಡ್ಡ ಕೆಲಸ. ಎರಡು ಸ್ಪ್ರಿಂಗಿಗೆ ನಾಲ್ಕು ತಿಂಗಳಾದರೆ ನಾಲ್ಕು ಸ್ಪ್ರಿಂಗಿಗೆ ಎರಡೇ ತಿಂಗಳು. ನಾಲ್ಕನ್ನೂ ಕೊಕ್ಕೆಗೆ ಹಾಕಿದಳು.

ಹಲ್ಲು ಕಚ್ಚಿ ತಳ್ಳಿದಳು. ಟ್ರೇ ಹೋಯಿತು. ಒಂದು, ಎರಡು, ಐದು. ಉಸಿರಿನ ನೆನಪಾಗಲಿಲ್ಲ. ಆರನೆಯ ಸಲ ಮುಂದಿನಂಗಳದಲ್ಲಿ ಗುಂಡು ಹಾರಿ ಜನ ಹೋ ಎಂದರು. ಅವಳ ಕಾಲು ದಂಡದಿಂದ ಜಾರಿತು. ನಾಲ್ಕು ಸ್ಪ್ರಿಂಗೂ ಒಟ್ಟಿಗೆ ಎಳೆದವು. ಟ್ರೇ ಬಡಿದ ಸದ್ದು ಬೆನ್ನೊಳಗಿನಿಂದಲೇ ಬಂದಂತಿತ್ತು.

ಅವಳನ್ನು ಕಂಡವಳು ಚೋಮಿ. ಸಿಸ್ಟರಮ್ಮ ಹಬ್ಬದ ಸೀರೆಯಲ್ಲೇ ಓಡಿಬಂದು, ಕೊಕ್ಕೆಗಳನ್ನು ನೋಡಿ, ಮೊದಲು ಕೊಡವ ಮಾತಿನಲ್ಲಿ ಏನೋ ಬೈದರು. ಆಮೇಲೆ ಪಕ್ಕದಲ್ಲಿ ಕೂತು ಅವಳ ಕಾಲುಬೆರಳು ಒಂದೊಂದನ್ನೇ ಅಲ್ಲಾಡಿಸಿ ನೋಡಿದರು. ಎಲ್ಲವೂ ಅಲ್ಲಾಡಿದವು.

"ಯಾಕೆ ಹೀಗೆ ಮಾಡಿದೆ?"

"ಅವ್ಳು ನನ್ನ ಅಮ್ಮತ್ತಿ ಅವ್ವ ಅಂತವ್ಳಂತೆ" ಎಂದಳು ನಿಂಗಮ್ಮ. ಅದಕ್ಕೆ ಮುಂಚೆ ಅಳು ಬಂದಿರಲಿಲ್ಲ.

ಸಿಸ್ಟರಮ್ಮ ಹಬ್ಬದ ಸೀರೆಯ ಸೆರಗಿನಿಂದಲೇ ಅವಳ ಮುಖ ಒರೆಸಿದರು.

ಮತ್ತೆ ಒಂದೂವರೆ ತಿಂಗಳು ಚಾಪೆ. ಹೂ ತೆಗೆದದ್ದಕ್ಕೇ ಹೀಗಾಯಿತು ಎಂದು ಲೈನಿನಲ್ಲಿ ಆಡಿಕೊಂಡರು. ನಿಂಗಮ್ಮನಿಗೂ ಹಾಗೇ ಅನ್ನಿಸಿತ್ತು. ತುಲಾ ಸಂಕ್ರಮಣ ಕಳೆದು ನಾಲ್ಕು ದಿನಕ್ಕೆ ಅವಳು ಜಗಲಿಗೆ ಹೋಗಿ ತಲೆತಗ್ಗಿಸಿ ನಿಂತಾಗ ಸಿಸ್ಟರಮ್ಮ ಮೂರು ಸ್ಪ್ರಿಂಗುಗಳನ್ನು ಬಿಚ್ಚಿ ನೆಲಕ್ಕೆ ಹಾಕಿದರು. ಒಂದೇ ಉಳಿಯಿತು.

"ಇಷ್ಟೇನಾ?"

"ಮಲಗಿ ನೋಡು."

ಹಗುರವಾಗಿತ್ತು, ಮುಟ್ಟಿದರೆ ಟ್ರೇ ಹಾರಿಹೋಗುವಂತಿತ್ತು. ನಿಂಗಮ್ಮ ಮೆಲ್ಲನೆ ಒತ್ತಿದಳು. ನಿಲ್ಲಿಸುವುದು ಹೇಗೆಂದು ತಿಳಿಯದೆ ಟ್ರೇ ಅತ್ತಿತ್ತ ತುಯ್ದಾಡಿತು. ಹಿಡಿದು ನಿಲ್ಲಿಸಲು ಸ್ಪ್ರಿಂಗಿನ ಬಲವೇ ಇರಲಿಲ್ಲ. ಮೂರನೆಯ ಸಲಕ್ಕೆ ಹೊಟ್ಟೆಯೊಳಗೆ, ಅವಳಿಗೆ ಇದೆಯೆಂದೇ ಗೊತ್ತಿಲ್ಲದಿದ್ದ ಒಂದು ಜಾಗದಲ್ಲಿ, ಸಣ್ಣ ನಡುಕ ಹುಟ್ಟಿತು.

"ಬಂತಾ ನಡುಕ?"

"ಹೂಂ."

"ಅಲ್ಲಿಂದ ಎತ್ತಬೇಕು ಮಗುವನ್ನು. ನಾಲ್ಕು ಸ್ಪ್ರಿಂಗಿದ್ದರೆ ಅವೇ ನಿನ್ನನ್ನು ಹೊತ್ತುಕೊಳ್ತವೆ, ನಿನಗೇನು ಕೆಲಸ? ಒಂದೇ ಇದ್ದರೆ ನಿನ್ನನ್ನು ನೀನೇ ಹೊರಬೇಕು."

ಕೇಳಲು ವಿಚಿತ್ರವಾಗಿತ್ತು, ಆದರೆ ನಡುಕ ಸುಳ್ಳು ಹೇಳಲಿಲ್ಲ. ಆ ದಿನದಿಂದ ನಿಂಗಮ್ಮ ಒಂದೇ ಸ್ಪ್ರಿಂಗಿನಲ್ಲಿ ಹೋದಳು, ಬಂದಳು. ಕಾಲಿನಿಂದ ಆದ ಮೇಲೆ ಕೈಯಿಂದ. ಮಲಗಿ ಆದ ಮೇಲೆ ಮಂಡಿಯೂರಿ. ಕೊನೆಗೆ ಒಂದು ಕಾಲು ಚೌಕಟ್ಟಿನ ಮೇಲೆ, ಒಂದು ಕಾಲು ಟ್ರೇಯ ಮೇಲೆ ನಿಂತು. ಕೆಳಗಿನದು ಜಾರುತ್ತಿದ್ದರೂ ಮೇಲಿನದು ಅಲ್ಲಾಡಬಾರದು. ಕಾರ್ತಿಕ ಮುಗಿಯುವ ಮುಂಚೆ ಹತ್ತು ದಿನ ಒಂದೂ ಮೊಟ್ಟೆ ಒಡೆಯಲಿಲ್ಲ. ಹನ್ನೊಂದನೆಯ ದಿನ ಚೋಮಿ ತಾನೇ ಒಂದು ಮೊಟ್ಟೆ ತಂದು ಇವಳ ಕೈಗಿಟ್ಟು, "ನಂಗಿನ್ನು ಬೇಡ ಅಕ್ಕ. ನಿನ್ನ ಮಗ್ಳು ಬಂದ್ಮೇಲೆ ಬೇಯ್ಸಿ ಕೊಡು" ಎಂದಳು.

ಮರುದಿನ ಸಿಸ್ಟರಮ್ಮ ಶೆಡ್ಡಿನ ಮೂಲೆಯಿಂದ ಮರಳಿನ ಚೀಲ ತಂದು ಎದುರಿಗಿಟ್ಟರು. ನಿಂಗಮ್ಮ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಉಸಿರು ಬಿಡುತ್ತ ಎದ್ದಳು. ಚೀಲ ಸೊಂಟಕ್ಕೆ ಬಂತು. ಬೆಂಕಿ ಬರಲಿಲ್ಲ. ಅವಳು ಹಾಗೇ ನಿಂತುಬಿಟ್ಟಳು, ಇಳಿಸಲು ಮನಸ್ಸಾಗದೆ.

"ಸಾಕು, ಅದು ಮರಳು" ಎಂದರು ಸಿಸ್ಟರಮ್ಮ. "ಹುತ್ತರಿ ಹಬ್ಬಕ್ಕೆ ಎರಡು ದಿನ ರಜಾ ಕೊಡ್ತೇನೆ. ಹೋಗಿ ಕರಕೊಂಡು ಬಾ."

ಫ್ರೇಜರ್‌ಪೇಟೆಯ ಬಸ್ಸಿಳಿದು ಹೊಲದ ಬದುವಿನಲ್ಲಿ ನಡೆದುಹೋದಾಗ ದೇವೀರಿ ಅಂಗಳದಲ್ಲಿ ಕರುವಿಗೆ ಹುಲ್ಲು ತಿನ್ನಿಸುತ್ತಿದ್ದಳು. ಲಂಗ ಮೊಣಕಾಲಿನ ಮೇಲಿತ್ತು. ಮಗು ಉದ್ದಕ್ಕೆ ಬೆಳೆದಿತ್ತು. ಮರಳಿನ ಚೀಲಕ್ಕೆ ಕಾಲು ಬೆಳೆದಿರಲಿಲ್ಲವಲ್ಲ! ಗಲ್ಲದ ಕೆಳಗೆ ಹೊಲಿಗೆಯ ಗೆರೆ ಬೆಳ್ಳಗೆ ಕಂಡಿತು. ನಿಂಗಮ್ಮ ಎರಡೂ ಕೈ ಚಾಚಿದಳು. ದೇವೀರಿ ಓಡಿಹೋಗಿ ವನಜಮ್ಮನ ಸೆರಗಿನ ಹಿಂದೆ ಸೇರಿ, ಒಂದು ಕಣ್ಣಿನಿಂದ ನೋಡಿದಳು.

"ಅವ್ವ ಕಣವ್ವ, ನಿಮ್ಮವ್ವ! ಹೋಗು" ಎಂದಳು ವನಜಮ್ಮ.

"ಅಮ್ಮತ್ತಿ ಅವ್ವ" ಎಂದಿತು ಮಗು, ಸರಿಪಡಿಸುವಂತೆ.

ವನಜಮ್ಮ ಊಟಕ್ಕಿಟ್ಟಳು, ರಾಗಿ ಹಿಟ್ಟು ಕಟ್ಟಿಕೊಟ್ಟಳು, ಮಗುವಿನ ಬಟ್ಟೆಗಳನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ನಿಜವಾಗ್ಲೂ ಎತ್ತೋಕಾಗ್ತದಾ ನಿಂಗೆ?" ಎಂದು ಒಮ್ಮೆ ಮಾತ್ರ ಕೇಳಿದಳು. ನಿಂಗಮ್ಮ ಹೂಂ ಎಂದಳು. ಎತ್ತಿ ತೋರಿಸೋಣವೆಂದರೆ ಮಗು ಒಪ್ಪಲಿಲ್ಲ. "ನಾನೇನು ಪಾಪುನಾ? ನಾನೇ ನಡೀತೀನಿ" ಎಂದು ಮುಂದೆ ಮುಂದೆ ನಡೆಯಿತು. ಬಸ್ಸು ಹೊರಟಾಗ ವನಜಮ್ಮ ಕಿಟಕಿಯ ಸರಳಿಗೆ ಕೈಯಿಟ್ಟು ಹತ್ತು ಹೆಜ್ಜೆ ಜೊತೆಗೇ ಬಂದಳು, ಆಮೇಲೆ ನಿಂತಳು. ನಿಂಗಮ್ಮ ತಿರುಗಿ ನೋಡಿದಳು. ಅತ್ತಿಗೆಯ ಎಡ ಸೊಂಟ ಒಂದು ಕಡೆಗೆ ವಾಲಿಕೊಂಡಿತ್ತು, ಅದರ ಮೇಲೆ ಇನ್ನೂ ಯಾರೋ ಕೂತಿರುವಂತೆ. ಆ ನಿಲುವು ನಿಂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಅಮ್ಮತ್ತಿಯಲ್ಲಿ ಪುಟ್ಟರಾಜು ಕಾದಿದ್ದ. ಹಬ್ಬಕ್ಕೆ ಎತ್ತುಗಳನ್ನು ಬಿಟ್ಟಿದ್ದರಿಂದ ಗಾಡಿ ಇರಲಿಲ್ಲ. ರಾಗಿಯ ಗಂಟು ಅವನ ತಲೆಗೇರಿತು. ದೇವೀರಿ ಅರ್ಧ ದಾರಿ ತಾನೇ ನಡೆದಳು, ಅಪ್ಪನಿಗೆ ಕರುವಿನ ಕತೆ ಹೇಳಿದಳು. ಎಸ್ಟೇಟಿನ ಗೇಟು ದಾಟುವಷ್ಟರಲ್ಲಿ ಕತೆ ತೊದಲಿತು. ತೋಡಿನ ದಂಡೆಗೆ ಬಂದಾಗ ಬೆಳಕು ಇಳಿಯುತ್ತಿತ್ತು. ಮಗು ಒಂದು ಕಲ್ಲಿನ ಮೇಲೆ ಕೂತು, ಕೂತಲ್ಲೇ ನಿದ್ದೆ ಹೋಯಿತು.

ಮೇಲೆ ಎಲ್ಲೋ ಮಳೆಯಾಗಿ ತೋಡು ತುಂಬಿತ್ತು. ಪಾಲದ ದಿಮ್ಮಿಗಳು ನೆನೆದು ಕರ್ರಗೆ ಹೊಳೆಯುತ್ತಿದ್ದವು.

"ನೀನು ಇಲ್ಲೇ ಇರು. ಗಂಟು ಆಚೆಗಿಟ್ಟು ಬಂದು ಎತ್ಕೊಂಡೋಗ್ತೀನಿ" ಎಂದು ಪುಟ್ಟರಾಜು ಪಾಲ ಹತ್ತಿದ.

ನಿಂಗಮ್ಮ ಮಗಳ ಮುಂದೆ ನಿಂತಳು. ಬಾಯಿ ಸ್ವಲ್ಪ ತೆರೆದಿತ್ತು, ಗಲ್ಲದ ಗೆರೆ ಕತ್ತಲಲ್ಲೂ ಕಾಣುತ್ತಿತ್ತು. ಅವಳ ಕೈಗಳಿಗೆ ಕಣದ ಮೆಟ್ಟಿಲು ನೆನಪಾಯಿತು. ಗಂಡ ಆಚೆ ದಂಡೆ ಮುಟ್ಟಿದ್ದ. ಇನ್ನೊಂದು ಗಳಿಗೆ ಕಾದರೆ ಅವನೇ ಬರುತ್ತಾನೆ. ಬಂದರೆ ಬೆಳಗ್ಗೆ ಮಗು ಎದ್ದು ತಾನೇ ನಡೆಯುತ್ತದೆ, ಎತ್ತಲು ಬಿಡುವುದಿಲ್ಲ. ಇನ್ನು ಯಾವಾಗ?

ಕಾಲು ಅಗಲಿಸಿದಳು. ಮಂಡಿ ಬಗ್ಗಿಸಿ, ಒಂದು ಕೈ ಮಗುವಿನ ತೊಡೆಯ ಕೆಳಗೆ, ಒಂದು ಕೈ ಬೆನ್ನಿಗೆ. ಉಸಿರು ಬಿಟ್ಟಳು. ನಿದ್ದೆಯ ಮಗು ಎಲ್ಲಿಂದಾದರೂ ಸೋರಿಹೋಗುವಂತೆ ಜೋಲಾಡಿತು, ಮರಳಿನ ಚೀಲದಂತೆ ಒಂದೇ ಮುದ್ದೆಯಾಗಿರಲಿಲ್ಲ. ಹೊಟ್ಟೆಯ ಆ ಜಾಗದಲ್ಲಿ ನಡುಕ ಹುಟ್ಟಿತು. ಅಲ್ಲಿಂದಲೇ ಎದ್ದಳು.

"ಏಯ್! ನಿಂಗೀ! ಬೇಡ, ನಿಂತ್ಕೋ!" ಆಚೆಯಿಂದ ಪುಟ್ಟರಾಜು ಕೂಗಿದ. ಅಷ್ಟರಲ್ಲಿ ಅವಳು ಪಾಲದ ಮೇಲಿದ್ದಳು. ಈಗ ಅವನು ಬರುವಂತಿರಲಿಲ್ಲ. ಇಬ್ಬರಾದರೆ ದಿಮ್ಮಿ ತೂಗುತ್ತದೆ. ಅವನು ದಂಡೆಯಲ್ಲೇ ಕೈ ಚಾಚಿ ನಿಂತ.

ಹಿಡಿಗೋಲು ಹಿಡಿಯಲು ಅವಳಿಗೆ ಕೈ ಇರಲಿಲ್ಲ. ಎರಡೂ ಕೈಯಲ್ಲಿ ಮಗು. ಕೆಳಗೆ ದಿಮ್ಮಿ ಜಾರಿತು, ತುಸು ಬಾಗಿತು, ಮೇಲೆದ್ದಿತು. ಕೆಳಗಿನದು ಅಲ್ಲಾಡಿದರೂ ಮೇಲಿನದು ಅಲ್ಲಾಡಬಾರದು. ಒಂದು ಹೆಜ್ಜೆಗೆ ಉಸಿರು ಎಳೆದಳು, ಒಂದು ಹೆಜ್ಜೆಗೆ ಬಿಟ್ಟಳು. ಠಕ್ಕೆನ್ನಬಾರದು. ಪಾಲದ ನಡುವೆ, ತೂಗಾಟ ಜಾಸ್ತಿಯಾದ ಕಡೆ, ಮಗು ಮಿಸುಕಿ ಅವಳ ಕುತ್ತಿಗೆಗೆ ಕೈ ಹಾಕಿ ಬಿಗಿಯಾಗಿ ಅಪ್ಪಿಕೊಂಡಿತು. ಒಮ್ಮೆಗೇ ಭಾರ ಅರ್ಧವಾಯಿತು.

"ವನಜವ್ವಾ, ಮನೆ ಬಂತಾ?"

ನಿಂಗಮ್ಮ ಒಂದು ಗಳಿಗೆ ನಿಂತಳು. ನೀರು ಕೆಳಗೆ ಓಡುತ್ತಿತ್ತು.

"ಬಂತು ಮಗ, ಮಲ್ಕೋ" ಎಂದಳು.

ಮಗುವಿನ ಹಿಮ್ಮಡಿ ಅವಳ ತೊಡೆಗೆ ಒಮ್ಮೆ ಒದೆದು ಸುಮ್ಮನಾಯಿತು. ಆಚೆ ದಂಡೆಯಲ್ಲಿ ಪುಟ್ಟರಾಜು ತೋಳು ಚಾಚಿ, "ತಾ, ಸಾಕು, ಇಲ್ಲಿ ಕೊಡು" ಎಂದ. ಅವಳು ತಲೆಯಲ್ಲಾಡಿಸಿ ಅವನ ಪಕ್ಕದಿಂದ ಹಾದುಹೋದಳು. ಹುತ್ತರಿಗೆ ಬೆಳಗಿದ ದೀಪಗಳು ಬಂಗಲೆಯ ಕಡೆ ಕಾಣುತ್ತಿದ್ದವು. ಲೈನಿನ ಬಾಗಿಲಲ್ಲಿ ಚೋಮಿ ಲಾಟೀನು ಎತ್ತಿ ಹಿಡಿದು ಯಾರನ್ನೋ ಕೂಗಿ ಕರೆಯುತ್ತಿದ್ದಳು. ಇನ್ನು ಇಪ್ಪತ್ತು ಹೆಜ್ಜೆ ಇದ್ದಿರಬಹುದು. ಮನೆ ಬಂದರೆ ಮಗುವನ್ನು ಚಾಪೆಯ ಮೇಲೆ ಇಳಿಸಬೇಕು.

ನಿಂಗಮ್ಮ ತನ್ನ ನಡಿಗೆಯನ್ನು ಇನ್ನಷ್ಟು ನಿಧಾನ ಮಾಡಿದಳು.